‘ವಾರ್ ಪಿಗ್ಸ್’ ಮಾಟಗಾತಿಯರ ಹಾಡಾ, ಯುದ್ಧದ ಹಾಡಾ?

ಪ್ರಶ್ನೆ: ಹೆವಿ ಮೆಟಲ್ ಕೇಳಲು ಶುರುಮಾಡಿ ಎರಡು ವರ್ಷ ಆಯಿತು. ಬ್ರಿಟನ್ನಿನ ಬ್ಯಾಂಡ್ ಬ್ಲ್ಯಾಕ್ ಸ್ಯಾಬತ್‌ನ ‘ವಾರ್ ಪಿಗ್ಸ್’ ವಿಯೆಟ್ನಾಂ ಯುದ್ಧದ ವಿರುದ್ಧ ಬರೆದ ಹಾಡು ಅಂತ ಎಲ್ಲ ಕಡೆ ಓದಿದ್ದೇನೆ. ನನ್ನ ಗೆಳೆಯ ಮಾತ್ರ ಅದು ಮೊದಲು ಮಾಟಗಾತಿಯರ ಹಾಡಾಗಿತ್ತು, ರಾಜಕೀಯವೆಲ್ಲ ಆಮೇಲೆ ಅಂಟಿಸಿದ್ದು ಅನ್ನುತ್ತಾನೆ. ಯಾರ ಮಾತು ನಿಜ? ಹಾಗೇ ಇನ್ನೊಂದು ಸಣ್ಣ ಅನುಮಾನ. ಹಾಡಿನ ಕೊನೆ ಯಾಕೆ ಇದ್ದಕ್ಕಿದ್ದಂತೆ ಓಡಲು ಶುರುಮಾಡುತ್ತದೆ?

ಉತ್ತರ: ನಿಮ್ಮ ಗೆಳೆಯ ಹೇಳಿದ್ದರಲ್ಲಿ ಮೊದಲ ಅರ್ಧ ಪೂರ್ತಿ ನಿಜ. ಎರಡನೇ ಅರ್ಧ, ಅಂದರೆ ಆ ‘ಅಂಟಿಸಿದ್ದು’ ಅನ್ನುವ ಮಾತಿದೆಯಲ್ಲ, ಅದನ್ನು ನಾನು ಒಪ್ಪುವುದಿಲ್ಲ.

ಹಾಡಿಗೆ ಮೊದಲು ಇದ್ದ ಹೆಸರು ‘ವಾಲ್ಪುರ್ಗಿಸ್’. ಏಪ್ರಿಲ್ 30ರ ರಾತ್ರಿ ಜರ್ಮನಿಯ ಹಾರ್ಜ್ ಬೆಟ್ಟಗಳಲ್ಲಿರುವ ಬ್ರಾಕನ್ ಶಿಖರದ ಮೇಲೆ ಮಾಟಗಾತಿಯರೆಲ್ಲ ಸೇರುತ್ತಾರೆ ಅನ್ನುವುದು ಅಲ್ಲಿನ ಹಳೇ ನಂಬಿಕೆ, ಆ ರಾತ್ರಿಯ ಹೆಸರೇ ವಾಲ್ಪುರ್ಗಿಸ್. ಹಾಡು ಬರೆದದ್ದು ಬ್ಯಾಂಡಿನ ಬೇಸ್ ಗಿಟಾರ್ ವಾದಕ ಗೀಝರ್ ಬಟ್ಲರ್. ಆ ಕಾಲದಲ್ಲಿ ಸ್ಯಾಬತ್‌ನ ಹೆಚ್ಚಿನ ಸಾಹಿತ್ಯ ಅವನದ್ದೇ. ಓಝಿ ಆಸ್‌ಬೋರ್ನ್ ಹಾಡುತ್ತಿದ್ದ, ಆದರೆ ಆ ಬಾಯಿಂದ ಬರುತ್ತಿದ್ದದ್ದು ಜಾಸ್ತಿ ಗೀಝರನ ಮಾತು. (ಏಕವಚನಕ್ಕೆ ಬೇಸರ ಬೇಡ. ಆಗ ಎಲ್ಲರಿಗೂ ಇಪ್ಪತ್ತರಿಂದ ಇಪ್ಪತ್ತೆರಡರೊಳಗಿನ ವಯಸ್ಸು. ಹುಡುಗರು ಅಂತಲೇ ನೆನೆಯುವುದು ನನಗೆ ಅಭ್ಯಾಸ.)

ಹಳೇ ಸಾಹಿತ್ಯ ಹೇಗಿತ್ತು ಅಂತ ಕೇಳಿಯೇ ತಿಳಿಯಬಹುದು. 1970ರ ಏಪ್ರಿಲ್ ಕೊನೆಯಲ್ಲಿ ಬಿಬಿಸಿ ರೇಡಿಯೋದಲ್ಲಿ ಜಾನ್ ಪೀಲ್ ಅವರ ಕಾರ್ಯಕ್ರಮಕ್ಕಾಗಿ ಬ್ಯಾಂಡ್ ಇದನ್ನು ‘ವಾಲ್ಪುರ್ಗಿಸ್’ ಅಂತಲೇ ನುಡಿಸಿತು. 1997ರಲ್ಲಿ ಬಂದ ಓಝಿಯ ‘ದಿ ಓಝ್‌ಮನ್ ಕಮೆತ್’ ಅನ್ನುವ ಸಂಗ್ರಹದಲ್ಲೂ ಹಳೇ ಸಾಹಿತ್ಯದ ಆವೃತ್ತಿ ಇದೆ. ಅದರಲ್ಲಿ ಮಾಟಗಾತಿಯರು ಸೇರುತ್ತಾರೆ, ಬೂದಿಯಲ್ಲಿ ಹೆಣ ಉರಿಯುತ್ತದೆ, ಗುಡ್ಡದ ಮೇಲೆ ಪಾಳು ಚರ್ಚು. ಹಳೇ ಭೂತದ ಸಿನಿಮಾದ ಸಾಮಾನೆಲ್ಲ ಅಲ್ಲಿದೆ. ಸುಮಾರಾಗಿದೆ ಅಂತ ನನ್ನ ಅಭಿಪ್ರಾಯ. ಟ್ಯೂನ್ ಅದೇ, ರಿಫ್ (ಮತ್ತೆ ಮತ್ತೆ ಬರುವ ಗಿಟಾರಿನ ತುಣುಕು) ಅದೇ, ಆದರೂ ಮೈ ಜುಮ್ಮೆನ್ನುವುದಿಲ್ಲ.

ರೆಕಾರ್ಡ್ ಕಂಪನಿ ಕಡೆಯವರಿಗೆ ಇದು ತೀರಾ ಸೈತಾನನ ಪೂಜೆಯ ಥರ ಕಂಡಿತು. ಅದೇ ವರ್ಷದ ಫೆಬ್ರವರಿ 13ರಂದು ಬಂದಿದ್ದ ಮೊದಲ ಆಲ್ಬಮ್ಮಿನಿಂದಲೇ ಬ್ಯಾಂಡಿಗೆ ಆ ಹಣೆಪಟ್ಟಿ ಬಿದ್ದಾಗಿತ್ತು. ಹೀಗಾಗಿ ಗೀಝರ್ ಕೂತು ಮತ್ತೆ ಬರೆದ. ಮಾಟಗಾತಿಯರ ಜಾಗಕ್ಕೆ ಸೇನಾಪತಿಗಳು ಬಂದರು. ಅವರು ಪೂರ್ತಿ ಬಂದು ಇವರು ಪೂರ್ತಿ ಹೋದರು ಅಂತಲ್ಲ, ಮಾಟಗಾತಿಯರು ಎರಡನೇ ಸಾಲಿನಲ್ಲಿ ಹೋಲಿಕೆಯಾಗಿ ಉಳಿದುಕೊಂಡರು. ಸೇನಾಪತಿಗಳು ಗುಂಪು ಗುಂಪಾಗಿ ಸೇರಿದ್ದಾರೆ, ಥೇಟ್ ಮಾಟಗಾತಿಯರು ಸೇರುವ ಹಾಗೆ. ಉರಿಯುವ ಹೆಣಗಳೂ ಉಳಿದವು. ಮೊದಲು ಅವು ಮಾಟದ ಬೂದಿಯಲ್ಲಿದ್ದವು, ಈಗ ಯುದ್ಧದ ಬಯಲಿನಲ್ಲಿವೆ.

ಇಲ್ಲೇ ನಿಮ್ಮ ಗೆಳೆಯ ಎಡವುವುದು. ಗೀಝರ್ ಆಮೇಲೆ ಹಲವು ಸಂದರ್ಶನಗಳಲ್ಲಿ ಹೇಳಿದ್ದು ಒಂದೇ ಮಾತು. ಅವನ ಮಟ್ಟಿಗೆ ವಾಲ್ಪುರ್ಗಿಸ್ ಅಂದರೆ ಸೈತಾನನ ಕಡೆಯವರ ದೊಡ್ಡ ಹಬ್ಬ, ಮತ್ತು ನಿಜವಾದ ಸೈತಾನ ಅಂದರೆ ಯುದ್ಧ. ಬಡವರ ಮಕ್ಕಳನ್ನು ಸಾಯಲು ಕಳಿಸಿ ತಾವು ಲಾಭ ಮಾಡಿಕೊಳ್ಳುವವರೇ ಅದರ ಪೂಜಾರಿಗಳು. ಅಂದರೆ ಮೊದಲ ಆವೃತ್ತಿಯಲ್ಲಿ ಒಗಟಿನ ಹಾಗೆ ಮುಚ್ಚಿಟ್ಟದ್ದನ್ನು ಎರಡನೆಯದರಲ್ಲಿ ಬಾಯಿಬಿಟ್ಟು ಹೇಳಿದ. ಕಂಪನಿಯವರು ಸೈತಾನನ ಕಾಟ ತಪ್ಪಿಸಲು ಹೋಗಿ ರಾಜಕೀಯದ ಹಾಡನ್ನು ಕೈಯಾರೆ ಬರೆಸಿಕೊಂಡರು. ನನಗೆ ಇದು ಇಡೀ ಕಥೆಯ ತಮಾಷೆಯ ಭಾಗ.

ಓಝಿಯನ್ನು ಕೇಳಿದರೆ ಬೇರೆ ಉತ್ತರ ಬರುತ್ತಿತ್ತು. ನಮಗೆ ವಿಯೆಟ್ನಾಂ ಬಗ್ಗೆ ಏನೂ ಗೊತ್ತಿರಲಿಲ್ಲ, ಅದು ಸುಮ್ನೆ ಯುದ್ಧದ ವಿರುದ್ಧದ ಹಾಡು ಅನ್ನುವ ಅರ್ಥದಲ್ಲಿ ಮಾತಾಡಿದ್ದಾನೆ. ಈ ಎರಡು ಮಾತೂ ಜಗಳ ಆಡುತ್ತವೆ ಅಂತ ನನಗೆ ಅನಿಸುವುದಿಲ್ಲ. ಹಾಡಿನಲ್ಲಿ ವಿಯೆಟ್ನಾಂ ಅನ್ನುವ ಪದ ಎಲ್ಲೂ ಇಲ್ಲ. ಒಬ್ಬ ಅಧ್ಯಕ್ಷನ ಹೆಸರಿಲ್ಲ, ಒಂದು ಊರಿನ ಹೆಸರಿಲ್ಲ.

ಆದರೆ ಕಾಲ ನೋಡಿ. ಬಿಬಿಸಿಯಲ್ಲಿ ಹಳೇ ಸಾಹಿತ್ಯ ಹಾಡಿದ್ದು ಏಪ್ರಿಲ್ ಕೊನೆಗೆ. ಅದಾಗಿ ಕೆಲವೇ ದಿನಕ್ಕೆ, ಏಪ್ರಿಲ್ 30ರಂದು, ಕಾಂಬೋಡಿಯಾದೊಳಗೆ ಸೇನೆ ನುಗ್ಗುತ್ತಿದೆ ಅಂತ ಅಮೆರಿಕದ ಅಧ್ಯಕ್ಷ ನಿಕ್ಸನ್ ಟಿವಿಯಲ್ಲಿ ಬಂದು ಹೇಳಿದರು. ಸರಿಯಾಗಿ ವಾಲ್ಪುರ್ಗಿಸ್ ರಾತ್ರಿ! ಮೇ 4ರಂದು ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇದರ ವಿರುದ್ಧ ಪ್ರತಿಭಟನೆ ನಡೆದಾಗ ಸೈನಿಕರು ಗುಂಡು ಹಾರಿಸಿ ನಾಲ್ವರು ವಿದ್ಯಾರ್ಥಿಗಳು ಸತ್ತರು. ಜೂನ್‌ನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಮತ್ತು ಐಲೆಂಡ್ ಸ್ಟುಡಿಯೋಗಳಲ್ಲಿ ಆಲ್ಬಮ್ಮಿನ ರೆಕಾರ್ಡಿಂಗ್. ಅದನ್ನು ನೋಡಿಯೇ ಇದನ್ನು ಬರೆದರು ಅಂತ ನಾನು ಹೇಳುತ್ತಿಲ್ಲ. ಆ ಎರಡು ತಿಂಗಳ ಗಾಳಿಯಲ್ಲಿ ಏನಿತ್ತು ಅಂತ ಹೇಳುತ್ತಿದ್ದೇನೆ, ಅಷ್ಟೇ. ‘ಹಂದಿ’ ಅನ್ನುವ ಬೈಗುಳವೂ ಅದೇ ಗಾಳಿಯದ್ದು. ಅಮೆರಿಕದ ಯುವ ಪ್ರತಿಭಟನಾಕಾರರು ಪೊಲೀಸರನ್ನು, ಅಧಿಕಾರದಲ್ಲಿ ಇರುವವರನ್ನು ಹಾಗೆ ಕರೆಯುತ್ತಿದ್ದರು. 1968ರಲ್ಲಿ ಶಿಕಾಗೋದಲ್ಲಿ ನಿಜವಾದ ಒಂದು ಹಂದಿಯನ್ನೇ ತಂದು ಇದು ನಮ್ಮ ಅಧ್ಯಕ್ಷ ಅಭ್ಯರ್ಥಿ ಅಂತ ನಿಲ್ಲಿಸಿದ್ದರು. (ಹಂದಿಗಳ ಹಾಡು ಬರೆದ ಗೀಝರ್ ಮಾತ್ರ ಮೊದಲಿನಿಂದಲೂ ಸಸ್ಯಾಹಾರಿ. ಇದಕ್ಕೂ ಅದಕ್ಕೂ ಸಂಬಂಧ ಇಲ್ಲ, ಹೇಳಬೇಕು ಅನಿಸಿತು.)

ಬ್ಯಾಂಡಿನ ಈ ನಾಲ್ವರೂ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಆಸ್ಟನ್ ಕಡೆಯವರು, ಕಾರ್ಖಾನೆಗಳ ಊರಿನವರು. ಇವರ ರಾಜಕೀಯ ಪುಸ್ತಕದಿಂದ ಬಂದದ್ದಲ್ಲ. ಓಝಿ ಕಸಾಯಿಖಾನೆಯಲ್ಲಿ ದುಡಿದವನು, ಕಾರಿನ ಹಾರನ್ ಟ್ಯೂನ್ ಮಾಡುವ ಕೆಲಸ ಮಾಡಿದವನು, ಕಳ್ಳತನ ಮಾಡಿ ಸಿಕ್ಕಿಬಿದ್ದು ವಿನ್ಸನ್ ಗ್ರೀನ್ ಜೈಲಿನಲ್ಲಿ ಆರು ವಾರ ಕಳೆದವನು. ಗಿಟಾರ್ ನುಡಿಸುವ ಟೋನಿ ಅಯೋಮಿ ತಗಡಿನ ಕಾರ್ಖಾನೆಯಲ್ಲಿ ಕೊನೆಯ ದಿನದ ಕೆಲಸಕ್ಕೆ ಹೋದಾಗ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋದವು. ಅವನಿಗೆ ಆಗ 17 ವರ್ಷ. ಅವನು ಎಡಚ, ಹಾಗಾಗಿ ತಂತಿ ಒತ್ತುವ ಕೈಯೇ ಅದು. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿ ಕರಗಿಸಿ, ಬೆರಳಿಗೆ ಟೋಪಿ ಮಾಡಿಕೊಂಡು, ತೆಳುವಾದ ತಂತಿ ಹಾಕಿಕೊಂಡು ಮತ್ತೆ ನುಡಿಸಲು ಕಲಿತ. ಮೆಟಲ್‌ನ ಆ ದಪ್ಪ ಸದ್ದಿಗೆ ಬೇರೆ ಕಾರಣಗಳೂ ಇವೆ, ಆದರೆ ಈ ಬೆರಳುಗಳನ್ನು ಬಿಟ್ಟು ಆ ಕಥೆ ಹೇಳಲು ಬರುವುದಿಲ್ಲ.

ಅವರು ಹುಟ್ಟಿದ್ದು 1948 ಮತ್ತು 1949ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಬರ್ಮಿಂಗ್‌ಹ್ಯಾಮ್ ಮೇಲೆ ಬಾಂಬಿನ ಸುರಿಮಳೆ ಆಗಿತ್ತು. ಬಿಎಸ್‌ಎ ಬಂದೂಕು ಕಾರ್ಖಾನೆಗೆ 1940ರ ನವೆಂಬರ್‌ನಲ್ಲಿ ಬಾಂಬು ಬಿದ್ದು 53 ಕೆಲಸಗಾರರು ಒಂದೇ ರಾತ್ರಿ ಸತ್ತಿದ್ದರು. ಬಾಂಬು ಬಿದ್ದು ಹಾಳಾದ ಜಾಗಗಳಲ್ಲೇ ಆಡಿ ಬೆಳೆದ ಮಕ್ಕಳ ತಲೆಮಾರು ಇದು. ಹಾಡಿನ ಶುರುವಿನಲ್ಲಿ ಏಳುತ್ತದಲ್ಲ ಸೈರನ್, ಅದು ನಮಗೆ ಬರೀ ಸೌಂಡ್ ಎಫೆಕ್ಟ್. ಅವರ ಅಪ್ಪ ಅಮ್ಮಂದಿರಿಗೆ ಅದು ಮಕ್ಕಳನ್ನು ಎತ್ತಿಕೊಂಡು ಓಡಬೇಕಾಗಿದ್ದ ಸದ್ದು.

ಜೊತೆಗೆ ಸೈನ್ಯದ ಭಯವೂ ಇತ್ತು. ಬ್ರಿಟನ್ನಿನಲ್ಲಿ ಹುಡುಗರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಕರೆಯುತ್ತಿದ್ದ ಪದ್ಧತಿ 1960ರಲ್ಲಿ ನಿಂತಿತು. ಗೀಝರನ ಅಣ್ಣಂದಿರು ಸೈನ್ಯಕ್ಕೆ ಹೋಗಿ ಬಂದವರು, ಇವನು ವಯಸ್ಸಿನಿಂದ ಬಚಾವಾದವನು. ವಿಯೆಟ್ನಾಂಗೆ ಬ್ರಿಟನ್ ಕೂಡ ಪಡೆ ಕಳಿಸುತ್ತದೇನೋ, ನಮ್ಮನ್ನೂ ಎಳೆದುಕೊಂಡು ಹೋಗುತ್ತಾರೇನೋ ಅನ್ನುವ ಅಂಜಿಕೆ ತನಗೆ ಇತ್ತು ಅಂತ ಅವನೇ ಹೇಳಿದ್ದಾನೆ. ಪ್ರಧಾನಿ ವಿಲ್ಸನ್ ಪಡೆ ಕಳಿಸಲಿಲ್ಲ. ಅಮೆರಿಕದಲ್ಲಿ ಮಾತ್ರ ಕಾಲೇಜಿಗೆ ಹೋಗುವವರಿಗೆ ವಿನಾಯಿತಿ ಸಿಗುತ್ತಿತ್ತು, ಕಾಲೇಜು ಕಾಣದ ಹುಡುಗ ಬಂದೂಕು ಹಿಡಿಯಬೇಕಿತ್ತು. ಯುದ್ಧ ಶುರುಮಾಡಿದವರು ಅಡಗಿ ಕೂರುತ್ತಾರೆ, ಹೊಡೆದಾಡುವ ಕೆಲಸವನ್ನು ಬಡವರಿಗೆ ಬಿಡುತ್ತಾರೆ ಅಂತ ಹಾಡಿನ ನಡುವಿನಲ್ಲಿ ಬರುತ್ತದಲ್ಲ, ಅದನ್ನು ಬರೆಯಲು ಆಸ್ಟನ್ನಿನ ಹುಡುಗನಿಗೆ ಪತ್ರಿಕೆ ಓದಬೇಕಾಗಿಯೇ ಇರಲಿಲ್ಲ.

ಈಗ ಹಾಡಿನ ಮೊದಲ ಎರಡು ಸಾಲಿನ ಪ್ರಾಸದ ವಿಷಯಕ್ಕೆ ಬರುತ್ತೇನೆ, ಯಾಕಂದರೆ ನೀವು ಇನ್ನೊಂದಿಷ್ಟು ದಿನ ಮೆಟಲ್ ಮಂದಿಯ ಜೊತೆ ಓಡಾಡಿದರೆ ಇದು ಕಿವಿಗೆ ಬಿದ್ದೇ ಬೀಳುತ್ತದೆ. ಮೊದಲ ಸಾಲು ಮುಗಿಯುವುದು ‘ಮಾಸಸ್’ ಅಂತ. ಎರಡನೇ ಸಾಲು ಮುಗಿಯುವುದೂ ‘ಮಾಸಸ್’ ಅಂತ. ಅಯ್ಯೋ, ಅದೇ ಪದಕ್ಕೆ ಅದೇ ಪದವನ್ನು ಪ್ರಾಸ ಮಾಡಿದ್ದಾನೆ ನೋಡು ಅಂತ ಐವತ್ತು ವರ್ಷದಿಂದ ನಗುತ್ತಲೇ ಇದ್ದಾರೆ. ಆದರೆ ಮೊದಲನೆಯದು ಜನರ ಗುಂಪು. ಎರಡನೆಯದು ಪೂಜೆ, ಚರ್ಚಿನ ಪೂಜೆಯನ್ನು ಉಲ್ಟಾ ಮಾಡಿದ ಮಾಟದ ಪೂಜೆ. ಪದ ಒಂದೇ, ಅರ್ಥ ಎರಡು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಅಲಂಕಾರ ಪಾಠ ಮಾಡುವಾಗ ಎಚ್ಚರವಾಗಿದ್ದವರಿಗೆ ಇದು ಯಮಕ ಅಂತ ಹೊಳೆಯಬೇಕು! ಗೀಝರ್ ಅಲಂಕಾರಶಾಸ್ತ್ರ ಓದಿಕೊಂಡು ಬರೆದ ಅಂತಲ್ಲ. ಐರಿಶ್ ಕ್ಯಾಥೊಲಿಕ್ ಮನೆಯ ಹುಡುಗ, ‘ಮಾಸ್’ ಅಂದರೆ ಅವನಿಗೆ ಭಾನುವಾರದ ಚರ್ಚು. ಸೇನಾಪತಿಗಳ ಸಭೆಯನ್ನೂ ಮಾಟದ ಪೂಜೆಯನ್ನೂ ಒಂದೇ ಪದದಲ್ಲಿ ಕಟ್ಟಿಹಾಕುವ ಸಾಲು ಅದು. ಹಾಡಿನ ಇಡೀ ವಾದ ಆ ಒಂದು ಪದದಲ್ಲಿ ಕೂತಿದೆ. ಕೊನೆಯ ಚರಣದಲ್ಲೂ ಕ್ಯಾಥೊಲಿಕ್ ಬಾಲ್ಯ ಕಾಣುತ್ತದೆ. ತೀರ್ಪಿನ ದಿನ ಬರುತ್ತದೆ, ದೇವರು ಕರೆಯುತ್ತಾನೆ, ಯುದ್ಧದ ಹಂದಿಗಳು ಮೊಣಕಾಲಲ್ಲಿ ತೆವಳುತ್ತಾ ಕ್ಷಮೆ ಕೇಳುತ್ತಾರೆ, ಸೈತಾನ ನಗುತ್ತಾ ರೆಕ್ಕೆ ಬಿಚ್ಚುತ್ತಾನೆ. ಸೈತಾನನ ಪೂಜೆ ಅಂತ ಹೆದರಿದವರಿಗೆ ಕೊನೆಗೆ ಸಿಕ್ಕಿದ್ದು ಚರ್ಚಿನ ಪ್ರವಚನ.

ಸಂಗೀತ ಹುಟ್ಟಿದ್ದು ಬೇರೆ ರೀತಿ. ಹೆಸರಾಗುವ ಮೊದಲು ಇವರು ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಒಂದು ಕ್ಲಬ್ಬಿನಲ್ಲಿ ದಿನಕ್ಕೆ ಹಲವು ಸಲ, ಪ್ರತಿ ಸಲ ಮುಕ್ಕಾಲು ಗಂಟೆ ನುಡಿಸಬೇಕಿತ್ತು. ಕೇಳಲು ಜನವೇ ಇರುತ್ತಿರಲಿಲ್ಲ, ಕೈಯಲ್ಲಿದ್ದ ಹಾಡುಗಳು ಮುಗಿದುಹೋಗುತ್ತಿದ್ದವು. ಹೊತ್ತು ಕಳೆಯಲು ಮನಸ್ಸಿಗೆ ಬಂದದ್ದನ್ನು ಎಳೆಯುತ್ತಾ ಎಳೆಯುತ್ತಾ ನುಡಿಸಿದ್ದರಲ್ಲೇ ಈ ಹಾಡಿನ ಬೀಜ ಬಿತ್ತು ಅಂತ ಅಯೋಮಿ ನೆನಪಿಸಿಕೊಂಡಿದ್ದಾನೆ. ಸುಮಾರು ಎಂಟು ನಿಮಿಷದ ಹಾಡು ಹೇಗೆ ಅಷ್ಟು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ ಅನ್ನುವುದಕ್ಕೆ ನನಗೆ ಇದೇ ಉತ್ತರ. ಖಾಲಿ ಕುರ್ಚಿಗಳ ಮುಂದೆ ನುಡಿಸುವವರಿಗೆ ಅವಸರ ಇರುವುದಿಲ್ಲ.

ಮೊದಲ ಭಾಗ ಭಾರವಾಗಿ ತೂಗುತ್ತಾ ಸಾಗುತ್ತದೆ, ಮೇಲೆ ಸೈರನ್. ಅದು ನಿಂತ ಮೇಲೆ ಏನಾಗುತ್ತದೆ ಗಮನಿಸಿ. ಡ್ರಮ್ಮರ್ ಬಿಲ್ ವಾರ್ಡ್ ಹೈ-ಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಒಂದನ್ನೇ ಟಿಕ್ ಟಿಕ್ ಅಂತ ಹಿಡಿದುಕೊಳ್ಳುತ್ತಾನೆ. ಗಿಟಾರು, ಬೇಸು ಎರಡು ಪೆಟ್ಟು ಕೊಟ್ಟು ಸುಮ್ಮನಾಗುತ್ತವೆ. ಆ ಖಾಲಿ ಜಾಗದಲ್ಲಿ ಓಝಿ ಒಂದು ಸಾಲು ಹಾಡುತ್ತಾನೆ. ಮತ್ತೆ ಎರಡು ಪೆಟ್ಟು, ಮತ್ತೆ ಒಂದು ಸಾಲು. ಯಕ್ಷಗಾನದಲ್ಲಿ ಚೆಂಡೆ ನಿಂತು ಭಾಗವತರು ಬರೀ ತಾಳದ ಮೇಲೆ ಪದ ಎತ್ತಿದಾಗ ಇಡೀ ಬಯಲು ಕಿವಿ ನೆಟ್ಟಗೆ ಮಾಡುತ್ತದಲ್ಲ, ಹಾಗೆ. 1970ರಲ್ಲಿ ಅಷ್ಟು ಜೋರಾದ ಬ್ಯಾಂಡ್ ತನ್ನ ಮುಖ್ಯವಾದ ಮಾತನ್ನು ಹೇಳುವಾಗ ಸದ್ದು ಕಡಿಮೆ ಮಾಡಿತು. ಅದಕ್ಕೇ ಪ್ರತಿ ಪದವೂ ಕೇಳುತ್ತದೆ. ಇದರ ಇನ್ನೊಂದು ಲಾಭ ಕನ್ಸರ್ಟ್‌ಗಳಲ್ಲಿ ಗೊತ್ತಾಯಿತು. ಖಾಲಿ ಜಾಗ ಬಿಟ್ಟರೆ ಜನ ಅದನ್ನು ತುಂಬುತ್ತಾರೆ. ಓಝಿ ಮೈಕ್ ಮುಂದಕ್ಕೆ ಚಾಚುತ್ತಿದ್ದ, ಸಾವಿರಾರು ಜನ ಸಾಲುಗಳನ್ನು ಹಾಡುತ್ತಿದ್ದರು. ಹಾಡು ಘೋಷಣೆಯ ಥರ ಆಗಿಬಿಟ್ಟದ್ದು ಹೀಗೆ.

ಆಲ್ಬಮ್ಮಿನ ಹೆಸರೂ ‘ವಾರ್ ಪಿಗ್ಸ್’ ಅಂತಲೇ ಆಗಬೇಕಿತ್ತು. ಕತ್ತಿ, ಗುರಾಣಿ, ಹೆಲ್ಮೆಟ್ ಹಾಕಿಕೊಂಡ ಒಬ್ಬ ಮನುಷ್ಯ ಕತ್ತಲಲ್ಲಿ ನುಗ್ಗಿ ಬರುವ ಫೋಟೋ ಕೂಡ ಅದಕ್ಕೇ ತೆಗೆದದ್ದು. ಅಷ್ಟರಲ್ಲಿ ಆಲ್ಬಮ್ಮಿಗೆ ಹಾಡು ಸಾಲದು, ಇನ್ನೊಂದು ಚಿಕ್ಕದು ಬೇಕು ಅಂತ ನಿರ್ಮಾಪಕ ರಾಜರ್ ಬೇನ್ ಕೇಳಿದರು. ಅರ್ಧ ಗಂಟೆಯೊಳಗೆ ಹೊಸೆದು ಕೊಟ್ಟದ್ದು ‘ಪ್ಯಾರನಾಯ್ಡ್’. ಆ ಭರ್ತಿ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 4ನೇ ಜಾಗಕ್ಕೆ ಏರಿತು. 1970ರ ಸೆಪ್ಟೆಂಬರ್ 18ರಂದು ಆಲ್ಬಮ್ ಅದೇ ಹೆಸರಿನಲ್ಲಿ ಬಂತು, ಬ್ರಿಟನ್ನಿನಲ್ಲಿ 1ನೇ ಸ್ಥಾನ ಮುಟ್ಟಿತು. ಹೆಸರು ಬದಲಾಯಿಸಿದ್ದು ಹಿಟ್ ಹಾಡಿನ ಲಾಭಕ್ಕೆ ಅಂತ ಕೆಲವರು, ಯುದ್ಧ ನಡೆಯುತ್ತಿರುವಾಗ ಅಮೆರಿಕದಲ್ಲಿ ತೊಂದರೆ ಆದೀತು ಅಂತ ಕಂಪನಿ ಹೆದರಿತು ಅಂತ ಇನ್ನು ಕೆಲವರು. ಎರಡೂ ಇದ್ದಿರಬಹುದು. ಫೋಟೋ ಮಾತ್ರ ಬದಲಾಯಿಸಲಿಲ್ಲ. ಹೀಗಾಗಿ ‘ಪ್ಯಾರನಾಯ್ಡ್’ ಅನ್ನುವ ಹೆಸರಿನ ಕೆಳಗೆ ಕತ್ತಿ ಹಿಡಿದವನು ಇವತ್ತಿಗೂ ಯಾಕೆ ಅಂತ ಗೊತ್ತಿಲ್ಲದೆ ನಿಂತಿದ್ದಾನೆ, ಪಾಪ.

ಹಾಡಿನ ಆಮೇಲಿನ ಬದುಕಿನ ಬಗ್ಗೆ ನನಗೆ ಒಂದು ತಕರಾರಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ರಾಜಕೀಯವಾಗಿ ನೋಡಿದರೆ ಇದು ಒರಟು ಹಾಡು. ಯಾವ ಯುದ್ಧ, ಯಾರು ಶುರುಮಾಡಿದರು, ಯಾಕೆ, ಏನೂ ಇಲ್ಲ. ಕೆಟ್ಟವರು ಕೊನೆಗೆ ದೇವರ ಕೈಗೆ ಸಿಕ್ಕಿಬೀಳುತ್ತಾರೆ ಅನ್ನುವುದು ಸಮಾಧಾನವೇ ಹೊರತು ಉತ್ತರ ಅಲ್ಲ. ಆದರೆ ಅದೇ ಕಾರಣಕ್ಕೆ ಇದು ಹಳತಾಗಲಿಲ್ಲ. 1988ರಲ್ಲಿ ಅಮೆರಿಕದ ಅರಿಜೋನಾದ ಸೇಕ್ರೆಡ್ ರೈಕ್ ಬ್ಯಾಂಡು ನಿಕರಾಗುವಾದಲ್ಲಿ ತಮ್ಮ ದೇಶ ಮೂಗು ತೂರಿಸುವುದನ್ನು ಬೈದು ‘ಸರ್ಫ್ ನಿಕರಾಗುವಾ’ ಅನ್ನುವ ರೆಕಾರ್ಡ್ ತಂದಾಗ ಅದರ ಜೊತೆಗೆ ‘ವಾರ್ ಪಿಗ್ಸ್’ ಕೂಡ ನುಡಿಸಿತು. ಒಂದು ಅಕ್ಷರ ಬದಲಾಯಿಸಬೇಕಾಗಲಿಲ್ಲ. ಮರುವರ್ಷ ಫೇತ್ ನೋ ಮೋರ್ ಬ್ಯಾಂಡು ಇದನ್ನು ನುಡಿಸಿತು, ಹೊಸ ಪೀಳಿಗೆಯ ಬಹಳ ಜನ ಹಾಡನ್ನು ಮೊದಲು ಕೇಳಿದ್ದೇ ಅವರಿಂದ.

ಕವರ್‌ಗಳ (ಒಬ್ಬರ ಹಾಡನ್ನು ಇನ್ನೊಬ್ಬರು ಹಾಡಿದ್ದು) ಲೆಕ್ಕಕ್ಕಿಂತ ನನಗೆ ಮುಖ್ಯ ಅನಿಸುವುದು ಆ ಒಂದು ಪ್ರಶ್ನೆ ಕೈಯಿಂದ ಕೈಗೆ ದಾಟಿದ ರೀತಿ. 2005ರಲ್ಲಿ, ಇರಾಕ್ ಯುದ್ಧ ನಡೆಯುತ್ತಿದ್ದಾಗ, ಸಿಸ್ಟಮ್ ಆಫ್ ಎ ಡೌನ್ ಬ್ಯಾಂಡಿನ ‘ಬಿ.ವೈ.ಒ.ಬಿ.’ ಬಂತು. ಅಧ್ಯಕ್ಷರೇ ಯಾಕೆ ಯುದ್ಧಕ್ಕೆ ಹೋಗುವುದಿಲ್ಲ, ಯಾವಾಗಲೂ ಬಡವರನ್ನೇ ಯಾಕೆ ಕಳಿಸುತ್ತಾರೆ ಅಂತ ಅದು ಕಿರುಚಿ ಕೇಳುತ್ತದೆ. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿ. ಮೂವತ್ತೈದು ವರ್ಷದ ಅಂತರ, ಬೇರೆ ದೇಶ, ಬೇರೆ ವೇಗ, ಪ್ರಶ್ನೆ ಅದೇ. ಮೆಟಲ್ ಅಂದರೆ ಬರೀ ತಲೆಬುರುಡೆ, ರಕ್ತ ಅಂತ ಮನೆಯವರು ಕೇಳಿದಾಗ ನಾನು ತೋರಿಸುವುದು ಈ ಜೋಡಿಯನ್ನೇ. 2023ರಲ್ಲಿ ಅಮೆರಿಕದ ಗಾಯಕ ಟಿ-ಪೇನ್, ಅದೇ ದನಿಯನ್ನು ಯಂತ್ರದಿಂದ ತಿದ್ದುವ ಆಟೋಟ್ಯೂನ್ ಖ್ಯಾತಿಯವರು, ಆಟೋಟ್ಯೂನ್ ಇಲ್ಲದೆ ಇದನ್ನು ಹಾಡಿದರು. ಇದಕ್ಕಿಂತ ಒಳ್ಳೆಯ ಕವರ್ ಇಲ್ಲ ಅಂತ ಸ್ವತಃ ಓಝಿಯೇ ಬರೆದ. ನಾನು ಅಷ್ಟು ದೂರ ಹೋಗುವುದಿಲ್ಲ, ಆದರೆ ಕೇಳಲೇಬೇಕಾದದ್ದು.

2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಕ್ರೀಡಾಂಗಣದಲ್ಲಿ, ಅಂದರೆ ಬೆಳೆದ ಆಸ್ಟನ್ನಿನಲ್ಲೇ, ಮೂಲ ನಾಲ್ವರೂ ಕೊನೆಯ ಸಲ ಸೇರಿದರು. ಓಝಿಗೆ ನಿಲ್ಲಲು ಆಗುತ್ತಿರಲಿಲ್ಲ, ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಹಾಡಿದ. ಸ್ಯಾಬತ್ ಆಗಿ ನುಡಿಸಿದ್ದು ನಾಲ್ಕೇ ಹಾಡು, ಅದರಲ್ಲಿ ಮೊದಲನೆಯದೇ ‘ವಾರ್ ಪಿಗ್ಸ್’. ಜುಲೈ 22ರಂದು ಓಝಿ ತೀರಿಹೋದ.

ನಿಮ್ಮ ಎರಡನೇ ಅನುಮಾನ ಉಳಿಯಿತು, ಅಲ್ವಾ. ನಾನು ಇದನ್ನು ಮೊದಲು ಕೇಳಿದ್ದು ಹಾಸ್ಟೆಲ್‌ನಲ್ಲಿ, ಯಾರೋ ಕೊಟ್ಟ ಕಾಪಿ ಕ್ಯಾಸೆಟ್‌ನಲ್ಲಿ. ಕೊನೆಗೆ ಬಂದಾಗ ಸಂಗೀತ ಸರ್ರನೆ ವೇಗವಾಗಿ, ಸ್ವರ ಮೇಲೆ ಮೇಲೆ ಏರಿ ಕೀಚಲಾಗಿ ಪಟ್ ಅಂತ ನಿಂತಿತು. ಟೇಪ್‌ರೆಕಾರ್ಡರಿನ ಮೋಟರ್ ಹೋಯಿತು ಅಂತ ರಿಪೇರಿ ಅಂಗಡಿಗೆ ಹೊತ್ತುಕೊಂಡು ಹೋದೆ. ಅಂಗಡಿಯಾತ ಬೆಲ್ಟ್ ಬದಲಾಯಿಸಿ ದುಡ್ಡು ತೆಗೆದುಕೊಂಡ. ವಾಪಸ್ ಬಂದು ಹಾಕಿದರೆ ಮತ್ತೆ ಅದೇ! ಅದು ಬೇಕೆಂದೇ ಮಾಡಿದ್ದು. ರಾಜರ್ ಬೇನ್ ಮತ್ತು ಸೌಂಡ್ ಎಂಜಿನಿಯರ್ ಟಾಮ್ ಆಲಮ್ ಸೇರಿ ಸ್ಟುಡಿಯೋದ ಟೇಪಿನ ವೇಗವನ್ನೇ ಏರಿಸಿದರು. ಸೈರನ್ ಸೇರಿಸಿದ್ದೂ ಅವರೇ. ಬ್ಯಾಂಡಿನವರನ್ನು ಕೇಳಲೇ ಇಲ್ಲ, ಮುಗಿದ ಮೇಲೆ ಕೇಳಿಸಿದರು. ಆಗ ಅದನ್ನು ಬೇಡ ಅನ್ನುವಷ್ಟು ಮಾತು ಈ ಹುಡುಗರಿಗೆ ನಡೆಯುತ್ತಿರಲಿಲ್ಲ. ಅಮೆರಿಕದ ಪ್ರತಿಗಳಲ್ಲಿ ಈ ಕೊನೆಯ ಭಾಗಕ್ಕೆ ‘ಲ್ಯೂಕ್ಸ್ ವಾಲ್’ ಅನ್ನುವ ಬೇರೆ ಹೆಸರೇ ಇದೆ.

ಅಂದಹಾಗೆ ಟಾಮ್ ಆಲಮ್ ಮುಂದೆ ಬರ್ಮಿಂಗ್‌ಹ್ಯಾಮ್ ಕಡೆಯದೇ ಇನ್ನೊಂದು ಬ್ಯಾಂಡ್ ಜೂಡಸ್ ಪ್ರೀಸ್ಟ್‌ನ ‘ಬ್ರಿಟಿಷ್ ಸ್ಟೀಲ್’ ಆಲ್ಬಮ್ಮನ್ನು 1980ರಲ್ಲಿ ನಿರ್ಮಿಸಿದರು. ಆ ಜೂಡಸ್ ಪ್ರೀಸ್ಟ್ 2025ರಲ್ಲಿ ಚಾರಿಟಿಗಾಗಿ ‘ವಾರ್ ಪಿಗ್ಸ್’ ಹಾಡಿತು. ನಿಮ್ಮ ಗೆಳೆಯನನ್ನು ಕೂರಿಸಿಕೊಂಡು ಮೊದಲು ‘ವಾಲ್ಪುರ್ಗಿಸ್’, ಆಮೇಲೆ ಆಲ್ಬಮ್ಮಿನದ್ದು, ಆಮೇಲೆ ಇದು, ಈ ಕ್ರಮದಲ್ಲಿ ಹಾಕಿ. ಹೆಡ್‌ಫೋನ್ ಇದ್ದರೆ ಒಳ್ಳೆಯದು, ಆಲ್ಬಮ್ಮಿನದ್ದರಲ್ಲಿ ಅಯೋಮಿಯ ಎರಡು ಗಿಟಾರ್ ಒಂದರ ಮೇಲೊಂದು ಹೆಣೆದುಕೊಳ್ಳುವುದು ಆಗಲೇ ಸರಿಯಾಗಿ ಕೇಳುವುದು. ಕೊನೆಗೆ ಬಂದಾಗ ಅವನು ಫೋನ್ ಕೆಟ್ಟಿತಾ ಅಂತ ಕೇಳುತ್ತಾನಾ ನೋಡಿ.